ಪಾಸ್ ಕೊಳ್ಳುವ ಮುನ್ನ ದಾರಿ ಬರೆಯಿರಿ

ದೊಡ್ಡಬಳ್ಳಾಪುರದಿಂದ ಯಶವಂತಪುರಕ್ಕೆ ಮೆಮು ರೈಲು ಹಿಡಿಯುವವರು ಯಾರೂ ಸೀಟು ಕಾಯ್ದಿರಿಸುವುದಿಲ್ಲ. ಕೌಂಟರ್‌ನಲ್ಲೋ ಮೊಬೈಲ್‌ನಲ್ಲೋ ಟಿಕೆಟ್ ತೆಗೆದುಕೊಂಡು ಹತ್ತುತ್ತಾರೆ. ಅದೇ ಜನ ಮುಂಬೈಗೆ ಹೊರಟರೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರುತ್ತಾರೆ. 2024ರ ನವೆಂಬರ್‌ನಿಂದ ನಮ್ಮಲ್ಲಿ ರಿಸರ್ವೇಶನ್ ತೆರೆಯುವುದು 60 ದಿನ ಮೊದಲು. ತಪ್ಪಿದರೆ ಆರ್‌ಎಸಿ, ವೇಟಿಂಗ್ ಲಿಸ್ಟ್, ಕೊನೆಗೆ ತತ್ಕಾಲ್. ಎರಡೂ ಬಗೆಯ ಪ್ರಯಾಣ ನಮಗೆ ಚೆನ್ನಾಗಿ ಗೊತ್ತು. ಆದರೂ ದೇವನಹಳ್ಳಿಯಿಂದ ವಿಮಾನ ಹತ್ತಿ ಯೂರೋಪಿಗೋ ಜಪಾನಿಗೋ ರಜೆಗೆ ಹೊರಡುವಾಗ ಮೊದಲನೆಯದನ್ನು ಮರೆತು, ಎರಡನೆಯದರ ಭಯವನ್ನಷ್ಟೇ ಜೊತೆಗೆ ಒಯ್ಯುತ್ತೇವೆ. ಯಾವ ಊರಿಗೆ ಯಾವ ದಿನ ಎಂಬುದು ತೀರ್ಮಾನವಾಗುವ ಮೊದಲೇ ದುಬಾರಿ ರೈಲು ಪಾಸ್ ಕೊಳ್ಳುವುದು ಆ ಭಯದಿಂದಲೇ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ದಾರಿ, ಆಮೇಲೆ ಬಿಡಿ ಟಿಕೆಟ್‌ಗಳ ಲೆಕ್ಕ, ಪಾಸ್‌ನ ಮಾತು ಕೊನೆಗೆ.

ಕಾರಣ ಸರಳ. ಶತಾಬ್ದಿ, ರಾಜಧಾನಿಯಂಥ ಕೆಲವನ್ನು ಬಿಟ್ಟರೆ ನಮ್ಮ ರೈಲುಗಳಲ್ಲಿ ಬೇಗ ಕೊಂಡವರಿಗೂ ತಡವಾಗಿ ಕೊಂಡವರಿಗೂ ಮೂಲ ದರ ಒಂದೇ. ಬೇಗ ಕೊಂಡವರಿಗೆ ಸಿಗುವುದು ಜಾಗದ ಖಾತ್ರಿ. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಲಂಡನ್-ಪ್ಯಾರಿಸ್ ನಡುವಿನ ಯೂರೋಸ್ಟಾರ್‌ಗಳಲ್ಲಿ ಬೇಗ ಕೊಂಡವರಿಗೆ ಜಾಗದ ಜೊತೆ ಅಗ್ಗದ ದರವೂ ಸಿಗುತ್ತದೆ. ದಿನ ಹತ್ತಿರವಾದಂತೆ ದರ ವಿಮಾನದ ಟಿಕೆಟಿನಂತೆ ಏರುತ್ತದೆ. ಇಂಥ ರೈಲುಗಳಿಗೆ ಯೂರೇಲ್ ಪಾಸ್ ಇದ್ದರೂ ಸೀಟಿಗೆ ಬೇರೆ ಹಣ ಕಟ್ಟಿ ರಿಸರ್ವೇಶನ್ ಮಾಡಿಸಲೇಬೇಕು. ಸ್ವಿಟ್ಜರ್ಲೆಂಡಿನ ಸಾಮಾನ್ಯ ರೈಲುಗಳ ಸ್ವಭಾವವೇ ಬೇರೆ. ಅಲ್ಲಿ ಜೂರಿಕ್‌ನಿಂದ ಲುತ್ಸರ್ನ್‌ಗೆ ಹೋಗುವುದು ರೀತಿಯಲ್ಲಿ ದೊಡ್ಡಬಳ್ಳಾಪುರದ ಮೆಮು ಹತ್ತಿದಂತೆಯೇ: ಟಿಕೆಟ್ ಇದ್ದರೆ ಸಾಕು, ಯಾವ ರೈಲಾದರೂ ಹತ್ತಬಹುದು. ಹೆಸರುವಾಸಿ ಬರ್ನೀನಾ ಎಕ್ಸ್‌ಪ್ರೆಸ್‌ಗೆ ಸೀಟು ಕಾಯ್ದಿರಿಸಲೇಬೇಕು. ಆದರೆ 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಅದೇ ಹಳಿಯ ಮೇಲೆ ಸಾಮಾನ್ಯ ರೈಲುಗಳೂ ಓಡುತ್ತವೆ. ಕಿಟಕಿಯಾಚೆ ಕಾಣುವುದು ಅವೇ ಬೆಟ್ಟಗಳು, ಅವೇ ಸೇತುವೆಗಳು. ನನ್ನನ್ನು ಕೇಳಿದರೆ ಆ ಸಾಮಾನ್ಯ ರೈಲೇ ಮೇಲು. ಮನಸ್ಸಾದ ನಿಲ್ದಾಣದಲ್ಲಿ ಇಳಿದು ಮುಂದಿನ ರೈಲಿಗೆ ಹೋಗಬಹುದು.

ಲೆಕ್ಕ ಹಾಕದೆ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ಜಪಾನ್ ಒಳ್ಳೆಯ ಸಾಕ್ಷಿ. ಅಲ್ಲಿನ ಏಳು ದಿನದ ಜೆಆರ್ ಪಾಸ್ 29,650 ಯೆನ್ ಇದ್ದದ್ದು 2023ರ ಅಕ್ಟೋಬರ್‌ನಲ್ಲಿ 50,000ಕ್ಕೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್ಸೆನ್ ಟಿಕೆಟ್ ಸುಮಾರು 14,000 ಯೆನ್. ಹೋಗಿಬರಲು 28,000. ಹಿಂದೆ ಈ ಒಂದು ಪ್ರವಾಸವೇ ಪಾಸ್‌ನ ಬೆಲೆಯ ಹತ್ತಿರಕ್ಕೆ ಬರುತ್ತಿತ್ತು, ಆದ್ದರಿಂದ ಕಣ್ಣು ಮುಚ್ಚಿ ಕೊಳ್ಳಬಹುದಿತ್ತು. ಈಗ ಟೋಕಿಯೊ-ಕ್ಯೋಟೊ ನೋಡಿ ಬರುವ ಕುಟುಂಬ ಹಳೆಯ ಸಲಹೆ ನಂಬಿ ಪಾಸ್ ಕೊಂಡರೆ ತಲೆಗೆ 20,000 ಯೆನ್‌ಗೂ ಹೆಚ್ಚು ಕಳೆದುಕೊಳ್ಳುತ್ತದೆ. ಸೀಟಿನ ಚಿಂತೆಯೂ ದೊಡ್ಡದಲ್ಲ. ಪ್ರಯಾಣಕ್ಕೆ ಒಂದು ತಿಂಗಳು ಮೊದಲು ಅಲ್ಲಿನ ಬೆಳಗಿನ 10 ಗಂಟೆಗೆ, ಅಂದರೆ ನಮ್ಮ 6.30ಕ್ಕೆ, ರಿಸರ್ವೇಶನ್ ತೆರೆಯುತ್ತದೆ. ನಮ್ಮವರು ಗಮನಿಸಬೇಕಾದ್ದು ಸೂಟ್‌ಕೇಸ್: ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ಮೀರುವ ಪೆಟ್ಟಿಗೆಗೆ ಈ ಮಾರ್ಗದಲ್ಲಿ ಅದಕ್ಕೆಂದೇ ಇರುವ ಸೀಟು ಹಿಡಿಯಬೇಕು.

ವೀಸಾ ಕೈಗೆ ಬರುವ ಮೊದಲು ಹಣ ವಾಪಸಾಗದ ಟಿಕೆಟ್ ಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ತೂಕದ ಪ್ರಶ್ನೆ. ಕೊಳ್ಳಬಾರದು. ಆದರೆ ಶೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ. ಬೇಗ ಅರ್ಜಿ ಹಾಕಿದವರಿಗೆ ಅಗ್ಗದ ದರಗಳೂ ಸಿಗುತ್ತವೆ. ತಡವಾದರೆ ದರ ಏರದ ದಾರಿಗಳನ್ನೇ ಹೆಚ್ಚು ಆರಿಸಿಕೊಳ್ಳಬಹುದು. ವಯಸ್ಸಾದ ಅಪ್ಪ-ಅಮ್ಮನ ಜೊತೆ ಹೋಗುವವರಿಗೆ ಪಾಸ್ ನೆಮ್ಮದಿ ಕೊಡುತ್ತದೆ ಎನ್ನುವವರೂ ಇದ್ದಾರೆ. ದಿನಕ್ಕೊಂದು ಊರು ಸುತ್ತುವವರ ವಿಷಯದಲ್ಲಿ ನಾನೂ ಒಪ್ಪುತ್ತೇನೆ. ಒಂದೇ ಊರಿನಲ್ಲಿ ತಂಗಿ ಒಂದೆರಡು ಶಿಖರ ನೋಡುವವರಿಗೆ ಆ ಮಾತು ಸಲ್ಲದು. 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಕ್ ನಿಲ್ದಾಣಕ್ಕೆ ಏರುವ ಕೊನೆಯ, ಅತಿ ದುಬಾರಿ ಭಾಗದಲ್ಲಿ ಸ್ವಿಸ್ ಟ್ರಾವೆಲ್ ಪಾಸ್ ಕೊಡುವ ರಿಯಾಯಿತಿ ಶೇಕಡ 25 ಮಾತ್ರ; ಹಾಫ್ ಫೇರ್ ಕಾರ್ಡ್ ಶೇಕಡ 50 ಕೊಡುತ್ತದೆ. ಮನೆಮಂದಿಯೆಲ್ಲ ಹತ್ತುವ ಬೆಟ್ಟದಲ್ಲಿ ಈ ವ್ಯತ್ಯಾಸ ದೊಡ್ಡದು.

ಆದ್ದರಿಂದ ಒಂದು ಹಾಳೆ ತೆಗೆದುಕೊಂಡು ದಿನ, ಊರು, ರೈಲು ಬರೆಯಿರಿ. ಪ್ರತಿ ರೈಲಿನ ಮುಂದೆ ಎರಡೇ ಪ್ರಶ್ನೆ: ಸೀಟು ಕಾಯ್ದಿರಿಸುವುದು ಕಡ್ಡಾಯವೇ, ದರ ಏರುತ್ತದೆಯೇ. ಎರಡಕ್ಕೂ ಇಲ್ಲ ಎಂದಾದರೆ ಆ ಟಿಕೆಟ್ ಅಲ್ಲಿಯೇ ಕೊಳ್ಳಿ. ದೇವನಹಳ್ಳಿಯಿಂದ ಫ್ರಾಂಕ್‌ಫರ್ಟ್‌ಗೆ ಇಳಿದ ದಿನಕ್ಕೆ ಮಾತ್ರ ಒಂದೇ ರೈಲಿಗೆ ಕಟ್ಟುಬಿದ್ದ ಅಗ್ಗದ ಟಿಕೆಟ್ ಬೇಡ. ವಿಮಾನ ತಡವಾಗಿ ರೈಲು ತಪ್ಪಿದರೆ ಆ ಹಣ ಹೋದಂತೆಯೇ. ಹೊಸ ಬ್ಯಾಂಕ್ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ತಾನಾಗಿ ತೆರೆದಿರುವುದಿಲ್ಲ, ಟಿಕೆಟ್ ಕೊಳ್ಳಲು ಕೂರುವ ಮೊದಲು ಅದನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿಕೊಳ್ಳಿ.