ಚನ್ನಪಟ್ಟಣದ ಹೊಸ ಲೇತ್
ಚನ್ನಪಟ್ಟಣದ ಬೊಂಬೆ ಕಾರ್ಖಾನೆಗೆ ಮರ ಕಡೆಯುವ ಹೊಸ ಲೇತ್ ಬಂದರೆ ಮೊದಲು ಅದನ್ನು ಅಲುಗದಂತೆ ಬೋಲ್ಟ್ ಹಾಕಿ ಕೂರಿಸಬೇಕು. ಯಂತ್ರ ನಡುಗಿದರೆ ಉಳಿಯ ಗೆರೆ ಮರದ ಮೇಲೆ ಅಲೆಅಲೆಯಾಗಿ ಮೂಡುತ್ತದೆ. ಮೋಟಾರು, ಬೆಲ್ಟು ಜೋಡಿಸುವುದು ಬೇಗ ಮುಗಿಯುವ ಕೆಲಸ. ಉಳಿಗೆ ಆಸರೆಯಾಗುವ ಪಟ್ಟಿಯನ್ನು ಹೊಂದಿಸಲು ಮಾತ್ರ ತಾಳ್ಮೆ ಬೇಕು. ಅದು ಮರದಿಂದ ದೂರವಾದರೆ ಉಳಿ ಕಚ್ಚಿಕೊಂಡು ಕೈ ಜಗ್ಗುತ್ತದೆ.

ನಿಜವಾದ ಸೊಗಸಿರುವುದು ಜತೆಗಿನ ಸಣ್ಣ ಸಾಮಾನುಗಳಲ್ಲಿ.

ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಲೇತ್‌ನಲ್ಲಿ ತಿರುಗುವ ಆಲೆಮರದ ತುಂಡಿಗೆ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಬ್ರಷ್ ಬೇಡ, ಒಣಗಲು ಕಾಯುವುದೂ ಬೇಡ. ಆಮೇಲೆ ಒಣ ತಾಳೆಗರಿ ಒತ್ತಿ ಹಿಡಿಯುತ್ತಾರೆ. ಅರಗು ಸಮನಾಗಿ ಹರಡಿ ಮೈಯೆಲ್ಲ ಮಿರುಗುತ್ತದೆ. ಎಂಥ ಅಗ್ಗದ ಸಲಕರಣೆ, ಎಂಥ ಹೊಳಪು! ಬುಗುರಿಯಾಗಲಿ, ಗಿಲಕಿಯಾಗಲಿ, ಲೇತ್‌ನಿಂದ ಬಿಚ್ಚುವ ಮೊದಲೇ ಬಣ್ಣ, ಪಾಲಿಶ್ ಎರಡೂ ಮುಗಿದಿರುತ್ತವೆ.