ಓಟ ನೋಡಿ ನಾಯಿ ಆರಿಸುವುದು: ಮುಧೋಳ ಮತ್ತು ಜರ್ಮನ್ ಶೆಫರ್ಡ್ ತಳಿಗಳ ರಸಿಕರಿಗೊಂದು ಕೈಪಿಡಿ

ಶಿಕಾರಿಪುರ ಮತ್ತು ಸೊರಬ ಸೀಮೆಯವರಿಗೆ ಓಡುವ ಪ್ರಾಣಿಯ ಚೆಲುವನ್ನು ಹೊಸದಾಗಿ ಹೇಳಿಕೊಡಬೇಕಾದ ಅಗತ್ಯ ಕಡಿಮೆ. ದೀಪಾವಳಿಯ ನಂತರ ಊರೂರಿನಲ್ಲಿ ನಡೆಯುವ ಹೋರಿ ಹಬ್ಬದಲ್ಲಿ, ಕೊಬ್ಬರಿ ಹಾರ ತೊಟ್ಟ ಹೋರಿಯನ್ನು ಅದರ ಅಲಂಕಾರಕ್ಕಿಂತ ಹೆಚ್ಚಾಗಿ ಜನಸಂದಣಿಯ ನಡುವೆ ಅದು ನುಗ್ಗಿ ಹೋಗುವ ಬಗೆಯಿಂದ ಅಳೆಯುವ ಕಣ್ಣು ಇಲ್ಲಿಯ ಹಿರಿಯರಲ್ಲಿ ತಾನಾಗಿ ಬೆಳೆದುಬಂದಿದೆ. ದೊಡ್ಡ, ಚುರುಕಿನ ತಳಿಯ ನಾಯಿಯೊಂದನ್ನು ಮನೆಗೆ ತರಬೇಕೆನ್ನುವ ಕುಟುಂಬವು ಅದೇ ಕಣ್ಣನ್ನು ನಾಯಿಯ ಕಡೆಗೂ ತಿರುಗಿಸಬೇಕು. ಬಣ್ಣ ಮತ್ತು ಬೆಲೆಯನ್ನು ಆಮೇಲೆ ನೋಡಬಹುದು. ಮೊದಲು ನೋಡಬೇಕಾದದ್ದು ಓಟವನ್ನು, ಏಕೆಂದರೆ ತಳಿಯೊಂದು ಯಾವ ಕೆಲಸಕ್ಕಾಗಿ ರೂಪುಗೊಂಡಿತೆಂಬುದು ಓಟದಲ್ಲಿ ಬಯಲಾಗುತ್ತದೆ ಮತ್ತು ಆ ಕೆಲಸವನ್ನೇ ನಾಯಿ ಮುಂದೆ ಮನೆಯವರಿಂದ ದಿನವೂ ಕೇಳುತ್ತದೆ.

ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರನ್ನು ಹೊತ್ತ ನಾಯಿ ದೃಷ್ಟಿ ಬೇಟೆಯ ತಳಿಗೆ ಸೇರಿದ್ದು; ಅಂದರೆ ಮೂಸಿ ಹಿಂಬಾಲಿಸುವುದಕ್ಕಿಂತ ದೂರದಲ್ಲಿ ಅಲುಗಿದ್ದನ್ನು ಕಣ್ಣಿನಿಂದ ಹಿಡಿದು, ವೇಗದಿಂದಲೇ ಅದನ್ನು ತಲುಪುವ ಜಾತಿ. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಈ ತಳಿಗೆ 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅಂಚೆಚೀಟಿಯ ಗೌರವ ನೀಡಿತು. ಹೊಸಬರು ಇದನ್ನು ಮೊದಲು ಕಂಡಾಗ ಹೊಟ್ಟೆಗಿಲ್ಲದೆ ಸೊರಗಿದೆಯೆಂದು ಮರುಗುವುದುಂಟು. ಹೆಗಲಿನವರೆಗೆ ಸುಮಾರು 70 ಸೆಂ.ಮೀ. ಎತ್ತರವಿದ್ದರೂ ಗಂಡುನಾಯಿಯ ತೂಕ 28 ಕಿಲೋ ದಾಟುವುದು ಅಪರೂಪ. ಎದೆಗೂಡು ಮೊಣಕೈಯವರೆಗೆ ಇಳಿದಿರುತ್ತದೆ, ಹೊಟ್ಟೆ ಸೊಂಟದ ಕಡೆಗೆ ಒಮ್ಮೆಲೇ ಮೇಲಕ್ಕೆ ಸೇದಿಕೊಂಡಿರುತ್ತದೆ, ಕೊನೆಯ ಎರಡು ಮೂರು ಪಕ್ಕೆಲುಬುಗಳು ತೆಳುಚರ್ಮದಡಿ ಕಾಣುತ್ತವೆ. ಇದು ಆರೋಗ್ಯದ ಲಕ್ಷಣ, ಹಸಿವಿನದಲ್ಲ. ಆಳವಾದ ಎದೆಯಲ್ಲಿ ಶ್ವಾಸಕೋಶ ಮತ್ತು ಹೃದಯಕ್ಕೆ ಎಡೆ ಸಿಗುತ್ತದೆ, ಬಾಗಿದ ಸೊಂಟ ಬಿಲ್ಲಿನ ಕೆಲಸ ಮಾಡುತ್ತದೆ. ಪೂರ್ಣ ವೇಗದಲ್ಲಿರುವ ಮುಧೋಳವನ್ನು ಬದಿಯಿಂದ ಗಮನಿಸಿದರೆ, ಒಂದೊಂದು ಜಿಗಿತದ ಆವರ್ತದಲ್ಲಿಯೂ ಅದರ ನಾಲ್ಕೂ ಕಾಲುಗಳು ಎರಡು ಬಾರಿ ನೆಲ ಬಿಟ್ಟಿರುವುದು ಕಾಣುತ್ತದೆ: ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮಡಿಚಿಕೊಂಡಾಗ ಒಮ್ಮೆ, ಮುಂದಕ್ಕೂ ಹಿಂದಕ್ಕೂ ಪೂರ್ತಿ ಚಾಚಿಕೊಂಡಾಗ ಇನ್ನೊಮ್ಮೆ. ಈ ಎರಡು ಗಳಿಗೆಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಆ ನೋಡುಗನಿಗೆ ತಳಿಯ ರಸ ದಕ್ಕಿತೆಂದೇ ತಿಳಿಯಬೇಕು.

ಜರ್ಮನ್ ಶೆಫರ್ಡನ್ನು ಅಲ್ಸೇಷಿಯನ್ ಎಂದರೇನೇ ಹಳಬರಿಗೆ ಗುರುತು ಸಿಗುತ್ತದೆ. 1899ರಲ್ಲಿ ಜರ್ಮನಿಯ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಕುರಿ ಕಾಯುವ ನಾಯಿಗಳಿಂದ ಈ ತಳಿಯನ್ನು ಕಟ್ಟಲು ತೊಡಗಿದರು. ಕುರಿಹಿಂಡಿನ ಸುತ್ತ ಗಂಟೆಗಟ್ಟಲೆ ಸುತ್ತು ಹಾಕಬೇಕಾದ ನಾಯಿಗೆ ಮಿಂಚಿನ ವೇಗಕ್ಕಿಂತ ದಣಿಯದ ನಡೆ ಮುಖ್ಯವಾದ್ದರಿಂದ, ಇದರ ಸೊಬಗು ಕುಕ್ಕುಲೋಟದಲ್ಲಿದೆ; ಎಡ ಮುಂಗಾಲು ಮತ್ತು ಬಲ ಹಿಂಗಾಲು ಒಟ್ಟಿಗೆ, ಬಳಿಕ ಬಲ ಮುಂಗಾಲು ಮತ್ತು ಎಡ ಹಿಂಗಾಲು ಒಟ್ಟಿಗೆ ಎದ್ದು ಬೀಳುವ ಈ ಓಟದಲ್ಲಿ ಬೆನ್ನು ಅಲುಗದೆ ಒಂದೇ ಮಟ್ಟದಲ್ಲಿ ಸಾಗಬೇಕು. ಇದು ಮುಧೋಳಕ್ಕಿಂತ ಗಿಡ್ಡ, ಆದರೆ ಗಂಡುನಾಯಿ 30ರಿಂದ 40 ಕಿಲೋ ತೂಗುತ್ತದೆ. ಪ್ರದರ್ಶನಗಳಲ್ಲಿ ಮೆಚ್ಚುಗೆ ಗಳಿಸುವ, ಹಿಂಭಾಗ ತೀರ ಇಳಿಜಾರಾದ ಬೆನ್ನಿಗೆ ಹೊಸಬರು ಮರುಳಾಗಬಾರದು. ನಡೆಯುವಾಗ ಹಿಂಗಾಲು ತೂರಾಡುವ ನಾಯಿಯನ್ನು ಯಾವ ಪದಕವಿದ್ದರೂ ಬಿಡುವುದೇ ಸರಿ, ಸೊಂಟದ ಕೀಲು ಸಡಿಲವಾಗುವ ರೋಗ ಈ ತಳಿಯಲ್ಲಿ ವಂಶದಿಂದ ಬರುತ್ತದೆ.

ಓಟದಂತೆಯೇ ಸ್ವಭಾವ. ಮುಧೋಳ ತನ್ನವರೆಂದು ಒಪ್ಪಿಕೊಂಡ ಕೆಲವರನ್ನು ಬಿಟ್ಟರೆ ಉಳಿದವರಿಂದ ದೂರವಿರುತ್ತದೆ, ಅಪರಿಚಿತರು ಮೈಮುಟ್ಟುವುದನ್ನು ಸಹಿಸುವುದಿಲ್ಲ, ಬೊಗಳುವುದೂ ಕಡಿಮೆ. ಆದರೆ ಕೋಳಿಯೋ ಮೊಲವೋ ಕಣ್ಣಿಗೆ ಬಿದ್ದ ಮೇಲೆ ಕರೆದರೆ ತಿರುಗಿ ಬರುವ ಭರವಸೆ ಇಲ್ಲ. ಶೆಫರ್ಡ್ ಸದಾ ಒಡೆಯನ ಮುಖ ನೋಡುತ್ತದೆ, ಹೇಳಿದ್ದನ್ನು ಬೇಗ ಕಲಿಯುತ್ತದೆ, ಕೆಲಸ ಕೊಡದಿದ್ದರೆ ಮಾತ್ರ ಅಂಗಳ ಅಗೆದು, ಹಗಲಿರುಳು ಬೊಗಳಿ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಕನ್ನಡ ನಾಡಿನಲ್ಲಿ ನಾಯಿಯನ್ನು ಅದರ ಕೆಲಸದಿಂದ ಗೌರವಿಸಿದ ಪರಂಪರೆ ಹಳೆಯದು. ಹತ್ತನೆಯ ಶತಮಾನದ ಆತಕೂರಿನ ಕಲ್ಲು ಹಂದಿಯೊಡನೆ ಕಾದು ಮಡಿದ ಕಾಳಿ ಎಂಬ ನಾಯಿಯ ನೆನಪಿಗೆ ನಿಂತದ್ದು.

ಆದರೆ ಇಂದು ಬೇಟೆಗೆ ನಾಯಿ ಬಿಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಮೊಲ ಹಿಡಿದರೂ ಅಪರಾಧವೇ ಆದ್ದರಿಂದ, ಕಾಡಂಚಿನ ಮನೆಯಲ್ಲಿ ಬೇಲಿಯಿಲ್ಲದೆ ಮುಧೋಳ ಸಾಕುವುದು ನಾಯಿಗೂ ಮನೆಗೂ ಹಿತವಲ್ಲ. ಸೊರಬದಲ್ಲಿ ಇದಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಇದೇ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲದಿಂದ ಬೇಸಿಗೆಯವರೆಗೆ ಕಾಡು ಹೊಕ್ಕು ಬಂದ ನಾಯಿ ಉಣುಗನ್ನು ಹೊತ್ತು ಪಡಸಾಲೆಗೇ ತರಬಲ್ಲದು. ಮುಧೋಳದ ಗಿಡ್ಡ ಕೂದಲಿನ ಮೇಲೆ ಅಂಗೈ ಆಡಿಸಿದರೆ ಉಣುಗು ಬೆರಳಿಗೆ ಸಿಗುತ್ತದೆ. ಕಿವಿಯ ಒಳಮಗ್ಗುಲು, ಬೆರಳ ಸಂದು, ಕತ್ತಿನ ಪಟ್ಟಿಯ ಅಡಿ ನೋಡಿದರೆ ಕೆಲಸ ಬೇಗ ಮುಗಿಯುತ್ತದೆ. ಶೆಫರ್ಡ್‌ಗೆ ಹೊರಗೂದಲಿನ ಕೆಳಗೆ ದಟ್ಟವಾದ ಇನ್ನೊಂದು ಒಳಗೂದಲಿನ ಪದರವಿದ್ದು, ಅದನ್ನು ಬಾಚಿ, ಬಿಡಿಸಿ, ಬುಡದವರೆಗೆ ನೋಡದೆ ಏನೂ ತಿಳಿಯದು. ಮಳೆಗಾಲದಲ್ಲಿ ಅದೇ ಪದರ ಒದ್ದೆಯಾಗಿಯೇ ಉಳಿದು ಚರ್ಮದ ಹುಣ್ಣಿಗೂ ದಾರಿ ಮಾಡುತ್ತದೆ.

ಹೀಗಿರುವಾಗ, ಶಿಕಾರಿಪುರದ ಪೂರ್ವದ ಬಯಲು ಕಡೆ ಎತ್ತರದ ಕಾಂಪೌಂಡ್ ಇರುವ, ಗೇಟು ಮುಚ್ಚಿ ಸಾಕಬಲ್ಲ ಮನೆಗೆ ಮುಧೋಳ ಯೋಗ್ಯ. ಸೊರಬದ ತೋಟದ ಮನೆಯಲ್ಲಿ, ಕರೆದೊಡನೆ ಬರುವ ನಾಯಿಯೇ ಬೇಕಾದಾಗ ಶೆಫರ್ಡ್ ಮೇಲು, ಆದರೆ ದಿನಕ್ಕೊಂದು ಗಂಟೆ ತರಬೇತಿಗೂ ಬಾಚುವುದಕ್ಕೂ ಕೊಡುವ ಒಬ್ಬರು ಮನೆಯಲ್ಲಿದ್ದರೆ ಮಾತ್ರ. ಪೇಟೆಯ ಇಕ್ಕಟ್ಟಿನ ಮನೆಗೆ ಎರಡೂ ಸಲ್ಲ.

ಮರಿಯನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ತಪ್ಪದೆ ಮುಂದುವರಿಸಬೇಕು. ಮೈಯಲ್ಲಿ ಕೊಬ್ಬು ತೀರ ಕಡಿಮೆಯಿರುವ ಮುಧೋಳಕ್ಕೆ ಕೆಲವು ಅರಿವಳಿಕೆ ಔಷಧಗಳು ಅಪಾಯಕಾರಿಯಾದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲು ಪಶುವೈದ್ಯರಿಗೆ ತಳಿಯನ್ನು ತಿಳಿಸಬೇಕು. ಮುಧೋಳದ ಮರಿ ಬೇಕಾದವರು ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿರುವ, ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವನ್ನು ಮೊದಲು ವಿಚಾರಿಸುವುದು ಒಳ್ಳೆಯದು. ಶೆಫರ್ಡ್ ಬೇಕಾದವರು ತಂದೆತಾಯಿಯ ಸೊಂಟದ ಎಕ್ಸ್‌ರೇ ಕೇಳಿ ನೋಡಿ, ಆ ಎರಡೂ ನಾಯಿಗಳು ತಮ್ಮ ಕಣ್ಣೆದುರು ಓಡಿದ ಮೇಲೆಯೇ ಮುಂಗಡ ಕೊಡಬೇಕು.