ಲೆಕ್ಕ ಕೇಳುವವರು ಯಾರು?

ಬೋಯಿಂಗ್ ಕಂಪನಿಯನ್ನು ಕುರಿತು ರೋರಿ ಕೆನಡಿ ನಿರ್ದೇಶಿಸಿದ ‘ಡೌನ್‌ಫಾಲ್’ (2022) ಸಾಕ್ಷ್ಯಚಿತ್ರವನ್ನು ಮನೆಮಂದಿಯೆಲ್ಲ ಕೂಡಿ ನೋಡಿರಿ. ಯುದ್ಧವಿಮಾನಗಳನ್ನೂ ಪ್ರಯಾಣಿಕ ವಿಮಾನಗಳನ್ನೂ ತಯಾರಿಸುವ ಈ ಅಮೆರಿಕನ್ ಸಂಸ್ಥೆಯ ಎರಡು 737 ಮ್ಯಾಕ್ಸ್ ವಿಮಾನಗಳು, 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯಾದಲ್ಲೂ 2019ರ ಮಾರ್ಚಿನಲ್ಲಿ ಇಥಿಯೋಪಿಯಾದಲ್ಲೂ ಪತನಗೊಂಡು 346 ಮಂದಿ ಮಡಿದರು. ಮೊದಲನೆಯದರ ಕ್ಯಾಪ್ಟನ್ ದೆಹಲಿಯ ತರುಣ. ಅವರ ಪತ್ನಿ ಮಾತನಾಡುವ ಭಾಗವೇ ಚಿತ್ರದ ಜೀವಾಳ.

ಇಂಧನ ಉಳಿಸುವ ದೊಡ್ಡ ಎಂಜಿನ್‌ಗಳನ್ನು ಹಳೆಯ ವಿನ್ಯಾಸಕ್ಕೆ ಜೋಡಿಸಿದಾಗ ಕೆಲವು ಸಂದರ್ಭಗಳಲ್ಲಿ ವಿಮಾನದ ಮೂತಿ ಮೇಲೇಳುವ ಭಯವಿತ್ತು. ಅದನ್ನು ತಗ್ಗಿಸಲು ಅಳವಡಿಸಿದ ಎಂಸಿಎಎಸ್ ಎಂಬ ತಂತ್ರಾಂಶ ನಂಬಿದ್ದು ಒಂದೇ ಒಂದು ಸಂವೇದಕವನ್ನು. ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆಯೇ ಇರಲಿಲ್ಲ. ಹೊಸ ತರಬೇತಿಯ ಖರ್ಚು ಬಿದ್ದರೆ ಗಿರಾಕಿಗಳು ಹಿಂಜರಿದಾರೆಂಬ ಲೆಕ್ಕಾಚಾರ! ಇಂಧನದ ಮಿತವ್ಯಯವೂ ಸೃಷ್ಟಿಯ ಪಾಲನೆಯೇ, ಒಪ್ಪೋಣ. ಆದರೆ ಆ ಹೆಗ್ಗಳಿಕೆಯ ನೆರಳಿನಲ್ಲಿ ಮನುಷ್ಯಜೀವ ಅಗ್ಗವಾಯಿತು.

ಚಿತ್ರವು ಷೇರುಬೆಲೆಯ ಹಂಬಲವನ್ನು ದೂರುತ್ತದೆ. ದೂರು ಸರಿಯೇ. ನನ್ನ ಮನಸ್ಸು ಮಾತ್ರ ನಿರ್ದೇಶಕ ಮಂಡಳಿಯ ಬಾಗಿಲಲ್ಲಿ ನಿಂತಿತು. ಲೆಕ್ಕಪತ್ರಕ್ಕೆ, ಅಧಿಕಾರಿಗಳ ಸಂಬಳಕ್ಕೆ ಅಲ್ಲಿ ಸಮಿತಿಗಳಿದ್ದವು. ವಿಮಾನದ ಸುರಕ್ಷತೆಗೆಂದೇ ಒಂದು ಸಮಿತಿ ರಚನೆಯಾದದ್ದು 2019ರಲ್ಲಿ, ಎರಡೂ ದುರಂತಗಳ ನಂತರ. ಮಂಡಳಿ ನಿಗಾ ಇಡಲಿಲ್ಲವೆಂಬ ಷೇರುದಾರರ ದಾವೆಯನ್ನು 2021ರಲ್ಲಿ ಡೆಲಾವೇರ್ ನ್ಯಾಯಾಲಯ ಮುಂದುವರಿಯಗೊಟ್ಟಿತು. ಲೂಕನ ಶುಭಸಂದೇಶದಲ್ಲಿ ಯಜಮಾನನೇ ಪಾರುಪತ್ಯಗಾರನನ್ನು ಕರೆದು ಲೆಕ್ಕ ಕೇಳುತ್ತಾನೆ. ಇಲ್ಲಿ ಕೇಳಬೇಕಾದವರೇ ಕೇಳಲಿಲ್ಲ.

ಚಿತ್ರ ತೆರೆಕಂಡ ಬಳಿಕ, 2024ರ ಜನವರಿಯಲ್ಲಿ, ಮತ್ತೊಂದು ಮ್ಯಾಕ್ಸ್ ವಿಮಾನದಲ್ಲಿ ಬಾಗಿಲಿನ ಜಾಗಕ್ಕೆ ಹಾಕಿದ್ದ ಮುಚ್ಚುಹಲಗೆ ನಡುಗಗನದಲ್ಲೇ ಕಳಚಿಹೋಯಿತು. ಅದನ್ನು ಹಿಡಿದಿಡಬೇಕಾದ ನಾಲ್ಕು ಬೋಲ್ಟುಗಳು ಅಲ್ಲಿರಲೇ ಇಲ್ಲ.